ಇಪ್ಪತ್ತೆಂಟು ದಿನದ ತತ್ತಿ

ನಮ್ಮ ಹಿತ್ತಿಲಿನ ಬುಟ್ಟಿಯಲ್ಲಿ ಕೂಡುವುದನ್ನು ನಾವು ತತ್ತಿ ಎನ್ನುತ್ತೇವೆ. ಎದುರು ಮನೆಯವರು ಗುಡ್ಡು ಎನ್ನುತ್ತಾರೆ. ಕೊಳ್ಳಲು ಬರುವ ಅಂಗಡಿಯವರು ಅಂಡಾ ಎನ್ನುತ್ತಾರೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕಡೆ ಇದು ಹೊಸ ಸಂಗತಿಯಲ್ಲ. 1956ರ ನವೆಂಬರ್ 1ಕ್ಕೆ ಮುನ್ನ ಮೊದಲೆರಡು ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲಬರ್ಗಾ ಜಿಲ್ಲೆಯದು. ಅಂದು ಆಂಧ್ರಪ್ರದೇಶಕ್ಕೆ ಸೇರಿದೆವು, 2014ರಲ್ಲಿ ತೆಲಂಗಾಣದವರಾದೆವು. ಮನೆಯೊಳಗಿನ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು.

ನಿವೃತ್ತಿಯ ಬಳಿಕ ನಾವು ಆರು ಜವಾರಿ ಹೇಂಟೆ, ಒಂದು ಹುಂಜ, ಎರಡು ಹೆಣ್ಣು ಬಾತು, ಒಂದು ಗಂಡು ಬಾತುಗಳನ್ನು ಸಾಕಿದೆವು. ರಾತ್ರಿ ಎಲ್ಲಕ್ಕೂ ಒಂದೇ ಗೂಡು. ನೆಲಕ್ಕೆ ತಾಂಡೂರಿನ ಕಲ್ಲು ಹಾಸಿ, ಮೇಲೆ ಹುಲ್ಲು ಹರಡಿದ್ದೆವು. ಯಾವ ತತ್ತಿ ಯಾರದೆಂಬ ಪ್ರಶ್ನೆ ಎದ್ದುದು ಅಲ್ಲಿಂದಲೇ. ತಿನ್ನುವುದಕ್ಕಾದರೆ ಆ ಭೇದದಿಂದ ಹೆಚ್ಚಿನ ಹಾನಿಯಿಲ್ಲ. ಕಾವಿಗೆ ಇಡುವಾಗ ಅದು ಜೀವದ ಪ್ರಶ್ನೆಯಾಗುತ್ತದೆ.

ಆ ವರ್ಷ ಒಂದು ಹೇಂಟೆ ಕಾವಿಗೆ ಕೂತಿತು. ಹನ್ನೆರಡು ತತ್ತಿ ಆರಿಸಿದೆವು. ಅದರಲ್ಲಿ ನಾಲ್ಕು ದಪ್ಪಗಿದ್ದವು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಮುದುಕಿಯೊಬ್ಬಳು ಅವನ್ನು ಕೈಯಲ್ಲಿ ತೂಗಿ ನೋಡಿ, "ಮಾಸ್ತರ್ರೇ, ಇವು ಬಾತಿನವು. ಇವನ್ನ ವಾರ ಮೊದಲ ಇಡಬೇಕ್ರಿ. ಹ್ಯಾಂಟಿ ಅಷ್ಟು ದಿನ ಕಾಯಂಗಿಲ್ಲ" ಎಂದಳು. ನಾವು ಬಿ.ಎ., ಬಿ.ಎಡ್. ಓದಿದವರು. ಅವು ದೊಡ್ಡ ಹೇಂಟೆಯ ಎರಡು ಹಳದಿಯ ತತ್ತಿಗಳೆಂದು ತೀರ್ಪು ಕೊಟ್ಟು, ಹನ್ನೆರಡನ್ನೂ ಒಂದೇ ಸಂಜೆ ಇಟ್ಟೆವು.

ಇಪ್ಪತ್ತೊಂದನೆಯ ದಿನ ಏಳು ಕೋಳಿಮರಿಗಳು ಹೊರಬಂದವು. ಇಪ್ಪತ್ತಮೂರನೆಯ ದಿನ ಬೆಳಗ್ಗೆ ತಾಯಿ ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು. ಉಳಿದ ತತ್ತಿಗಳು ಸಂಜೆಯ ಹೊತ್ತಿಗೆ ತಣ್ಣಗಾಗಿದ್ದವು. ಕೆಟ್ಟಿರಬೇಕೆಂದು ಒಂದನ್ನು ಒಡೆದೆವು. ಒಳಗೆ ಚಪ್ಪಟೆ ಕೊಕ್ಕು, ಪೊರೆ ಕೂಡಿದ ಬೆರಳು, ಮೈತುಂಬ ತುಪ್ಪುಳ. ಇನ್ನು ಐದು ದಿನ ಬೆಚ್ಚಗಿದ್ದರೆ ಬದುಕುತ್ತಿದ್ದ ಮರಿ. ನಮ್ಮ ಮನೆಯವರು ಒಂದು ಮಾತೂ ಆಡದೆ ಒಳಗೆ ಹೋದರು. ಉಳಿದ ಮೂರನ್ನು ಒಡೆದು ನೋಡುವ ಧೈರ್ಯ ನಮಗಾಗಲಿಲ್ಲ. ಬೇವಿನ ಬುಡದಲ್ಲಿ ಹೂಳಿದೆವು.

ಕೋಳಿಯ ತತ್ತಿಗೆ 21 ದಿನ, ಸಾಧಾರಣ ಬಾತಿನ ತತ್ತಿಗೆ 28 ದಿನ. ಇಷ್ಟನ್ನು ಅರಿತ ಮೇಲೆ ನಾವು ಆ ಮುದುಕಿಯ ಶಿಷ್ಯರಾದೆವು. ಅವಳು ಕಲಿಸಿದ್ದನ್ನೂ ನಾವು ಕಂಡದ್ದನ್ನೂ ಇಲ್ಲಿ ಹೇಳುತ್ತೇವೆ. ಜವಾರಿ ಕೋಳಿಯ ತತ್ತಿ ಸುಮಾರು 40 ಗ್ರಾಂ ತೂಗಿದರೆ ಬಾತಿನದು 65-70 ಗ್ರಾಂ ತೂಗುತ್ತದೆ. ಆದರೆ ಹೊಸದಾಗಿ ಇಡತೊಡಗಿದ ಬಾತಿನ ತತ್ತಿ ಚಿಕ್ಕದಿರುವುದುಂಟು, ಗಾತ್ರವೊಂದನ್ನೇ ನಂಬಲಾಗದು. ಬಣ್ಣವೂ ಹಾಗೆಯೇ: ನಸು ಹಸಿರು ಬಾತಿನದೆಂದು ಗುರುತಿಸಬಹುದು, ಬಿಳಿಯದು ಯಾರದೂ ಆಗಬಹುದು. ಬೆರಳಿಗೆ ಹೆಚ್ಚು ತಿಳಿಯುತ್ತದೆ. ಬಾತಿನ ಚಿಪ್ಪು ಮೇಣ ಸವರಿದಂತೆ ನುಣುಪು. ದಪ್ಪವೂ ಹೌದು, ಒಡೆಯಲು ತುಸು ಬಲ ಬೇಕು. ಇವೆಲ್ಲಕ್ಕಿಂತ ಮಿಗಿಲಾದ ಸಾಕ್ಷಿ ಸಮಯ ಮತ್ತು ಸ್ಥಳ. ಬಾತು ನಸುಕಿನಲ್ಲೇ, ಗೂಡಿನ ನೆಲದ ಮೇಲೆ ಎಲ್ಲೆಂದರಲ್ಲಿ ಇಡುತ್ತದೆ. ಹೇಂಟೆ ಬೆಳಕು ಹರಿದ ಮೇಲೆ ಬುಟ್ಟಿ ಹುಡುಕಿಕೊಂಡು ಹೋಗುತ್ತದೆ. ಆದುದರಿಂದ ಗೂಡಿನ ಬಾಗಿಲು ತೆರೆದೊಡನೆ ನೆಲದ ಮೇಲೆ ಸಿಕ್ಕವನ್ನು ಬೇರೆ ಇಟ್ಟು, ಸೀಸದ ಕಡ್ಡಿಯಿಂದ ಗುರುತು ಮಾಡುವುದೇ ಲೇಸು.

ಮರುಸಲ ನಾಲ್ಕು ಬಾತಿನ ತತ್ತಿಗಳನ್ನು ಮೊದಲು ಇಟ್ಟೆವು. ಏಳು ದಿನ ಕಳೆದ ಮೇಲೆ ಐದು ಕೋಳಿಯವನ್ನು ಸೇರಿಸಿದೆವು. ತಾಯಿಬಾತು ಒದ್ದೆ ಮೈಯಿಂದಲೇ ಕಾವಿಗೆ ಕೂಡುತ್ತದೆ, ಹೇಂಟೆಯ ಮೈ ಒಣಗಿರುತ್ತದೆ ಎಂದು ಮುದುಕಿ ಹೇಳಿದ್ದರಿಂದ ಬಾತಿನ ತತ್ತಿಗಳ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸುತ್ತಿದ್ದೆವು. ಇಪ್ಪತ್ತೆಂಟನೆಯ ದಿನ ಮೂರು ಬಾತುಮರಿ, ನಾಲ್ಕು ಕೋಳಿಮರಿ ಒಂದೇ ರೆಕ್ಕೆಯ ಕೆಳಗಿದ್ದವು. ಕೆಲವು ದಿನಗಳ ಮೇಲೆ ಅಗಲವಾದ ಪರಾತದಲ್ಲಿ ನೀರಿಟ್ಟೆವು. ಬಾತುಮರಿಗಳು ಧುಮುಕಿದವು, ಹೇಂಟೆ ಗಾಬರಿಯಿಂದ ಕೂಗುತ್ತ ಸುತ್ತಲೂ ಓಡಿತು. ತಾಯಿಬಾತಿನ ಮೈಯ ಜಿಡ್ಡು ತಗಲದ ಮರಿಗಳು ನೀರಿನಲ್ಲಿ ಬೇಗ ನೆನೆಯುತ್ತವೆಂದು ತುಸು ಹೊತ್ತಿನಲ್ಲೇ ಎತ್ತಿ ಬಿಸಿಲಿಗೆ ಬಿಟ್ಟೆವು. ಅವು ನೇರವಾಗಿ ಹೇಂಟೆಯ ರೆಕ್ಕೆಯಡಿಗೇ ಹೋದವು.

ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆಯಾಗಿದ್ದ ಎಷ್ಟೋ ಮಕ್ಕಳು ನಮ್ಮ ಮುಂದೆ ಕೂತಿದ್ದರು. ಕೇಳಿದ ಪ್ರಶ್ನೆಗೆ ಬೇಗ ಉತ್ತರ ಕೊಡದ ಕೆಲವರನ್ನು ದಡ್ಡರೆಂದು ಹಿಂದಿನ ಸಾಲಿಗೆ ಕಳಿಸಿದ್ದೇವೆ. ಅವರಿಗೆ ಬೇಕಾದದ್ದು ಇನ್ನೊಂದು ವಾರದ ಕಾವು ಮಾತ್ರವಿದ್ದಿರಬಹುದು. ಆ ಮಕ್ಕಳ ಬಳಿ ಈಗ ಕ್ಷಮೆ ಕೇಳಲು ದಾರಿಯಿಲ್ಲ, ಇಲ್ಲಿ ಬರೆದಿದ್ದೇವೆ.

ಹೈದರಾಬಾದಿನಲ್ಲಿ ಓದುತ್ತಿರುವ ಮೊಮ್ಮಗ ರಜೆಗೆ ಬಂದಾಗ ತತ್ತಿಗೆ ಗುರುತು ಹಾಕುವ ಕೆಲಸ ಅವನದು. ಅವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬಾತಿನದಕ್ಕೆ 'ಬಾ', ಕೋಳಿಯದಕ್ಕೆ 'ಕೋ' ಎಂದು ಬರೆಯಲು ಕಲಿಸಿದೆವು. ಕಳೆದ ಸಲ ಯಾವುದೆಂದು ತಿಳಿಯದ ಒಂದನ್ನು ಕೈಯಲ್ಲಿ ಹಿಡಿದು, "ಅಜ್ಜ, ಇದಕ್ಕೇನು ಬರೀಲಿ?" ಎಂದು ಕೇಳಿದ. "ಇವತ್ತಿನ ತಾರೀಖು ಬರಿ ಮಗಾ, ಇಪ್ಪತ್ತೆಂಟು ದಿನ ಕಾಯೋಣ" ಎಂದೆವು.