ಮಾಳಮಡ್ಡಿಯ ಪುಟ್ಟ ಉಗಿಬಂಡಿ

ಧಾರವಾಡದ ರೇಲ್ವೆ ನಿಲ್ದಾಣದಿಂದ ಹೊರಬಿದ್ದು ಮಾಳಮಡ್ಡಿಯ ಕಡೆಗೆ ಹೆಜ್ಜೆ ಹಾಕಿದವರಿಗೆ ಪೇಟೆಯ ಗದ್ದಲವು ಬೇಗನೆ ಮರೆಯಾಗುವದು. ವನವಾಸಿ ರಾಮಮಂದಿರದ ಗಂಟೆಯ ನಾದವೂ ಗಾಡಿಯ ಕೂಗೂ ಒಂದೇ ಗಾಳಿಯಲ್ಲಿ ತೇಲಿಬರುವ ನೆಲವಿದು. ರೇಲ್ವೆಯ ನೌಕರಿಯಲ್ಲಿ ತಲೆ ನರೆತ ಹಿರಿಯರೊಬ್ಬರ ಮನೆಗೆ ನಾವು ಕಳೆದ ಕಾರ್ತಿಕದಲ್ಲಿ ಹೋಗಿದ್ದೆವು. ಅವರು ತಾರುಣ್ಯದಲ್ಲಿ ಉಗಿಬಂಡಿಯ ಒಲೆಗೆ ಕಲ್ಲಿದ್ದಲು ಹಾಕುವ ಫಾಯರ್‌ಮನ್ ಆಗಿದ್ದವರು. ಈಗ ವಯಸ್ಸು ಎಂಬತ್ತರ ಹತ್ತಿರ, ಕಣ್ಣು ಮಸುಕು. ಸಹಸ್ರಚಂದ್ರ ದರ್ಶನದ ಶಾಂತಿಯ ದಿನ ಅವರ ಕೈಗೆ ಅವರದೇ ಬಂಡಿಯ ಪ್ರತಿರೂಪವನ್ನು ಕೊಡಬೇಕೆಂದು ಮೊಮ್ಮಗನು ಹಟ ತೊಟ್ಟಿದ್ದನು.

ಆ ಹಟಕ್ಕೆ ಕಾರಣವಿಲ್ಲದಿಲ್ಲ. 1885ರಲ್ಲಿ ಹುಬ್ಬಳ್ಳಿಯಲ್ಲಿ ರೇಲ್ವೆ ಕಾರ್ಖಾನೆಯು ತಲೆಯೆತ್ತಿದ ಕಾಲದಿಂದ ನೂರು ವರ್ಷಗಳಿಗೂ ಮಿಕ್ಕಿ ಈ ಸೀಮೆಯಲ್ಲಿ ಓಡಿದ್ದು ಒಂದು ಮೀಟರ್ ಅಗಲದ ಹಳಿಯ ಗಾಡಿಗಳು. 1990ರ ದಶಕದಲ್ಲಿ ಆ ಹಳಿಗಳನ್ನು ಕಿತ್ತು 1676 ಮಿಲಿಮೀಟರ್ ಅಗಲದ ಹಳಿಗಳನ್ನು ಹಾಸಿದರು. ಹುಬ್ಬಳ್ಳಿಯಲ್ಲಿ 2020ರಲ್ಲಿ ರೇಲ್ವೆ ವಸ್ತುಸಂಗ್ರಹಾಲಯವು ತೆರೆದದ್ದು ನಿಜ. ಆದರೆ ಅಜ್ಜನ ಕೈ ಬಲ್ಲ ಬಂಡಿಯು ಮನೆಯಲ್ಲಿಯೇ ಇರಬೇಕೆಂಬುದು ಹುಡುಗನ ಆಸೆ.

ಅವನು ಆರಿಸಿದ್ದು ವೈ.ಪಿ. ಎಂಬ ಜಾತಿಯ ಇಂಜಿನ್ನು: ಮುಂದೆ ನಾಲ್ಕು, ನಡುವೆ ಆರು ದೊಡ್ಡವು, ಹಿಂದೆ ಎರಡು ಗಾಲಿ. ಅಳತೆಯಲ್ಲಿ ಇಪ್ಪತ್ತೆರಡೂವರೆಗೆ ಒಂದು. ಈ ಲೆಕ್ಕದಲ್ಲಿ ಒಂದು ಮೀಟರಿನ ಹಳಿಯು 44.4 ಮಿಲಿಮೀಟರ್ ಆಗುವದು. ಅಂಗಡಿಯಲ್ಲಿ ದೊರೆಯುವ 45 ಮಿಲಿಮೀಟರಿನ ಆಟದ ಹಳಿಗೆ ಅದು ಸರಿಯಾಗಿ ಹೊಂದುವದು.

ದೊಡ್ಡ ಭಾಗಗಳು ಕಷ್ಟವಲ್ಲ, ಕಾಡುವವು ಸಣ್ಣವು. ಗಾಲಿಗೊಂದರಂತೆ ಬೇಕಾದ ಎಣ್ಣೆಪೆಟ್ಟಿಗೆಗಳನ್ನು ಒಂದೊಂದಾಗಿ ಕೆತ್ತುತ್ತ ಕೂತರೆ ಒಂದರಂತೆ ಇನ್ನೊಂದು ಬಾರದು. ಅದಕ್ಕಾಗಿ ಅವನು ಒಂದನ್ನು ಮಾತ್ರ ಮನಸ್ಸಿಟ್ಟು ಮಾಡಿ, ಅದನ್ನು ಅರ್ಧದವರೆಗೆ ಜೇಡಿಯಲ್ಲಿ ಹುಗಿದು, ಮೇಲೆ ಸಿಲಿಕೋನ್ ರಬ್ಬರನ್ನು ಸುರಿದಿದ್ದನು. ಅದು ಗಟ್ಟಿಯಾದ ಬಳಿಕ ಜೇಡಿಯನ್ನು ತೆಗೆದು, ರಬ್ಬರಿಗೆ ರಬ್ಬರು ಅಂಟದಂತೆ ವ್ಯಾಸಲೀನ್ ಸವರಿ, ಉಳಿದರ್ಧಕ್ಕೂ ಸುರಿಯುವದು. ಹೀಗೆ ಎರಡು ಹೋಳಿನ ಅಚ್ಚು ಸಿದ್ಧ. ರೆಸಿನ್ ಎಂಬ ದ್ರವವನ್ನು ಹೊಯ್ದಷ್ಟೂ ಸಲ ಅದೇ ಪೆಟ್ಟಿಗೆ. ದ್ರವವನ್ನು ಎತ್ತರದಿಂದ ಸಣ್ಣ ಧಾರೆಯಾಗಿ ಬಿಟ್ಟರೆ ಗುಳ್ಳೆಗಳು ಕಡಿಮೆ. ಆದರೆ ನಕಲಿನಿಂದ ನಕಲು ತೆಗೆಯಬಾರದು. ಪ್ರತಿ ಸಲವೂ ವಸ್ತುವು ಕೂದಲೆಳೆಯಷ್ಟು ಕುಗ್ಗುತ್ತ ಹೋಗುವದು.

ಇದನ್ನು ಕಂಡು ಅಜ್ಜಿಯವರು ನಕ್ಕರು. ಗೌರಿ ಹುಣ್ಣಿವೆ ಹತ್ತಿರ ಬಂದಿತ್ತು. ಸಕ್ಕರೆ ಆರತಿಯ ಕಟ್ಟಿಗೆಯ ಅಚ್ಚುಗಳು ನೀರಿನಲ್ಲಿ ನೆನೆಯುತ್ತಿದ್ದವು. ಅವೂ ಎರಡು ಹೋಳು. ಜೋಡಿಸಿ, ಕಟ್ಟಿ, ಪಾಕ ಹೊಯ್ಯುವದು. ಮೊಮ್ಮಗನ ಹೊಸ ವಿದ್ಯೆಯು ಅವರಿಗೆ ತವರುಮನೆಯದಾಗಿತ್ತು.

ತೊಡಕು ಬಂದದ್ದು ಪಾವಟಿಗೆಯಲ್ಲಿ. ಚಾಲಕನ ಕೋಣೆಗೆ ಹತ್ತುವ ಪಾವಟಿಗೆಯನ್ನು ಹಿಡಿದಿರುವ ಬಾಗಿದ ತಗಡು ಎಡಬದಿಗೊಂದು, ಬಲಬದಿಗೊಂದು. ಒಂದೇ ಅಚ್ಚಿನಿಂದ ತೆಗೆದದ್ದು ಎಡಕ್ಕೆ ಹೊಂದಿತು; ಬಲಕ್ಕೆ ಹೇಗೆ ತಿರುವಿದರೂ ಹೊಂದಲೊಲ್ಲದು. ಅಚ್ಚಿನೊಳಗೆ ಎಲ್ಲವೂ ತಿರುವುಮುರುವಾಗುವದಲ್ಲ ಎಂದು ಅವನು ಬೆರಗಾದನು. ಆದರೆ ಅಚ್ಚು ತಿರುವಿದ್ದನ್ನು ಎರಕವು ಮತ್ತೆ ತಿರುವುವದು. ಕೊನೆಗೆ ಸಿಗುವದು ಮೂಲದ ರೂಪವೇ. ಆಗ ಅಜ್ಜಿಯವರು ಹೇಳಿದರು: “ಸಕ್ಕರಿ ಗಿಳೀನ ತಿರುಗಿಸಿ ಇಟ್ರ ಎದುರಾಬದುರಾ ಆಗ್ತಾವ. ಎಡಮುರಿ ಗಣಪ್ಪನ ತಿರುಗಿಸಿದ್ರ ಬಲಮುರಿ ಆಗ್ತಾನೇನೋ ತಮ್ಮಾ? ಅದಕ್ಕ ಬ್ಯಾರೆ ಅಚ್ಚs ಬೇಕು.” ಬಲಗಾಲಿನ ಕೆರವು ಎಡಗಾಲಿಗೆ ಬಾರದ ನ್ಯಾಯವೂ ಇದೇ ಅಲ್ಲವೆ?

ಹುಡುಗನು ಗಣಕಯಂತ್ರವನ್ನು ತೆರೆದನು. ಅದರಲ್ಲಿ ರೂಪವನ್ನು ಬಿಡಿಸಿ ಒಂದು ಆಜ್ಞೆ ಕೊಟ್ಟರೆ ಕನ್ನಡಿಯಲ್ಲಿ ಕಂಡಂತೆ ಅದರ ಜೋಡಿಯು ಮೂಡುವದು. ಬಳಿಕ ಪದರು ಪದರಾಗಿ ಮುದ್ರಿಸುವ ಯಂತ್ರವು ಅದನ್ನು ಕೈಗಿಡುವದು. ಮನೆಯಲ್ಲಿದ್ದ ಹಳೆಯ ಛಾಯಾಚಿತ್ರದಲ್ಲಿ ಇಂಜಿನ್ನಿನ ಒಂದೇ ಬದಿಯು ಕಾಣುತ್ತಿತ್ತು. ಅವನು ಪಾವಟಿಗೆಯನ್ನಷ್ಟೇ ಅಲ್ಲ, ಆ ಇಡೀ ಬದಿಯನ್ನೇ ಕನ್ನಡಿ ಹಿಡಿದು ಇನ್ನೊಂದು ಬದಿಗೆ ಕೂಡಿಸಿಬಿಟ್ಟನು.

ಅಂದು ಸಂಜೆ ಹಿರಿಯರು ಬಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಒಂದು ಬದಿಯನ್ನು ಸವರುವಾಗ ಮುಖವು ಅರಳಿತು. ಇನ್ನೊಂದರಲ್ಲಿ ಬೆರಳು ಥಟ್ಟನೆ ನಿಂತಿತು. ಅಲ್ಲಿ ಉದ್ದನೆಯ ಸಲಾಕೆಯೊಂದಿತ್ತು. ಬಂಡಿಯನ್ನು ಮುಂದಕ್ಕೋ ಹಿಂದಕ್ಕೋ ನಡೆಸಲು ಚಾಲಕನ ಕೈಗೆ ಸಿಗುವ ಆ ಸಲಾಕೆಯು ಅವನು ಕೂಡುವ ಬದಿಗೆ ಮಾತ್ರ ಇರತಕ್ಕದ್ದು. “ಎರಡೂ ಕಡೆ ಡ್ರೈವ್ಹರ ಕೂತ್ರ ಕಲ್ಲಿದ್ದಲ ಹಾಕಾವರ ಯಾರೋ? ಈ ಬದಿ ನನ್ನದಿತ್ತು,” ಎಂದರು.

ಮನೆಯಲ್ಲಿ ಗಳಿಗೆಯ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನು ಚಿಮುಟದಿಂದ ಸಲಾಕೆಯನ್ನು ಮೆಲ್ಲನೆ ಬಿಡಿಸಿ, ಉಳಿದ ಗುರುತನ್ನು ಉಜ್ಜಿ ನುಣುಪು ಮಾಡಿದನು. ಹಿರಿಯರು ಆ ಬರಿಯ ಜಾಗದ ಮೇಲೆ ಮತ್ತೊಮ್ಮೆ ಕೈಯಾಡಿಸಿ ತಲೆದೂಗಿದರು. ಅಚ್ಚು ಒಂದನ್ನು ನೂರಾಗಿಸಬಲ್ಲದು. ಕನ್ನಡಿಯು ಎಡವನ್ನು ಬಲವಾಗಿಸಬಲ್ಲದು. ಯಾವುದು ಎರಡೂ ಕಡೆಗೆ ಇರಬಾರದೆಂಬುದನ್ನು ಮಾತ್ರ ಅಲ್ಲಿ ನಿಂತು ದುಡಿದವರೇ ಹೇಳಬೇಕು.

ನಾವು ನಿಲ್ದಾಣಕ್ಕೆ ಹಿಂದಿರುಗುವಾಗ ದೀಪ ಹಚ್ಚುವ ಹೊತ್ತಾಗಿತ್ತು. ನಿಮ್ಮ ಮನೆಯ ಹಿರಿಯರೂ ಹೀಗೆ ಯಾವುದಾದರೊಂದು ಬದಿಯನ್ನು ಬಲ್ಲವರಿರಬೇಕು. ಕೇಳಿಕೊಳ್ಳಲು ತಡಮಾಡದಿರಿ, ವಾಚಕರೇ.