ನೆಲದಡಿಯ ಮುಂಬಯಿ: ಸುರಂಗ ಯಾರಿಗೆ?

ಮುಂಬಯಿಯಲ್ಲಿ ದೂರ ಎಷ್ಟು ಎಂದು ಕೇಳಿದರೆ ಯಾರೂ ಕಿಲೋಮೀಟರ್ ಲೆಕ್ಕದಲ್ಲಿ ಹೇಳುವುದಿಲ್ಲ. "ಮಳೆ ಇಲ್ಲದಿದ್ದರೆ ಒಂದೂವರೆ ಗಂಟೆ" ಎನ್ನುತ್ತಾರೆ. ಇಂಥ ಊರಿನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗೆ ನೆಲದಡಿಯಲ್ಲೇ ಹೋಗುವ ಮೆಟ್ರೊ ಮೂರನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ಸುಮಾರು 33.5 ಕಿ.ಮೀ. ಉದ್ದ, 27 ನಿಲ್ದಾಣಗಳು. ಅವುಗಳಲ್ಲಿ 26 ನೆಲದೊಳಗೆ. ಸೀಪ್ಜ್ ಕಡೆ ಕೆಲಸ ಮಾಡುವ ನಮ್ಮಂಥ ಐಟಿಯವರಿಗೆ ಇದು ದಿನನಿತ್ಯದ ಮಾರ್ಗ. ಆದರೂ ಒಂದು ಶನಿವಾರ ಯಾವ ಕೆಲಸವೂ ಇಲ್ಲದೆ, ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬಂದೆ.

ನೆಲದ ಮೇಲಿರುವ ಒಂದೇ ನಿಲ್ದಾಣ ಆರೆ. ಅಲ್ಲಿಂದ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಕತ್ತಲೆಗೆ ಇಳಿಯುತ್ತದೆ. ಮರೋಲ್ ನಾಕಾದಲ್ಲಿ ಘಾಟ್ಕೋಪರ್ ಕಡೆಯ ಮೆಟ್ರೊದವರು ಹತ್ತುತ್ತಾರೆ, ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನವರು. ಬಾಂದ್ರಾ ಕುರ್ಲಾ ಸಂಕೀರ್ಣ ದಾಟಿ ಧಾರಾವಿ ಬರುವಷ್ಟರಲ್ಲಿ ರೈಲು ಮಿಠಿ ನದಿಯ ಅಡಿಯಿಂದ ಹಾದುಹೋಗಿರುತ್ತದೆ. ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ ಮಾತ್ರ. ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತವರಿಗೆ ಗಾಳಿಯಿಂದಲೇ ಯಾವ ಊರು ಬಂತೆಂದು ಗೊತ್ತಾಗುತ್ತದೆ. ಇಲ್ಲಿ ಧ್ವನಿವರ್ಧಕ ಹೇಳಿದರಷ್ಟೇ ಗೊತ್ತು.

ಈ ಸುರಂಗ ಕೊರೆದದ್ದು ದಖನ್ನಿನ ಕಪ್ಪು ಬಸಾಲ್ಟ್ ಬಂಡೆಯಲ್ಲಿ. ಮೊದಲು ದೊಡ್ಡ ಬಾವಿಯಂಥ ಗುಂಡಿ ತೋಡಿ, ಯಂತ್ರವನ್ನು ಬಿಡಿಬಿಡಿಯಾಗಿ ಇಳಿಸಿ ಅಲ್ಲೇ ಜೋಡಿಸುತ್ತಾರೆ. ಮುಂಭಾಗದ ಚಕ್ರ ಕಲ್ಲನ್ನು ಅರೆಯುತ್ತಾ ಮುಂದೆ ಸಾಗಿದಂತೆ, ಹಿಂದೆ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತಾರೆ. ಯಂತ್ರ ಆ ಬಳೆಗೇ ಒತ್ತು ಕೊಟ್ಟು ಮತ್ತೆ ಮುಂದಕ್ಕೆ ಹೋಗುತ್ತದೆ. ಮೇಲೆ ನೂರು ವರ್ಷದ ಮನೆಗಳಿದ್ದರೆ ಅವುಗಳ ಗೋಡೆ ಎಷ್ಟು ಅಲುಗಿತು ಎಂದು ದಿನವೂ ಅಳೆಯಬೇಕು.

ದಕ್ಷಿಣ ಮುಂಬಯಿಗೆ ಬಂದಂತೆ ಅಂಥ ಮನೆಗಳೇ ಹೆಚ್ಚು. ಮುಂಬಯಿ ಸೆಂಟ್ರಲ್ ಬಳಿಯ ನಿಲ್ದಾಣಕ್ಕೆ ಜಗನ್ನಾಥ ಶಂಕರಶೇಟ್ ಅವರ ಹೆಸರಿಟ್ಟಿದ್ದಾರೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಲು ಶ್ರಮಿಸಿದವರಲ್ಲಿ ಅವರೂ ಒಬ್ಬರು. ಮುಂದೆ ಗಿರ್ಗಾಂವ್, ಕಾಳಬಾದೇವಿ. ಇಲ್ಲಿ ನಿಲ್ದಾಣಕ್ಕಾಗಿ ಹಳೆಯ ಚಾಳುಗಳನ್ನು ಕೆಡವಬೇಕಾಯಿತು. ಅಲ್ಲಿದ್ದ ಕುಟುಂಬಗಳು ಹೊಸ ಮನೆಗಾಗಿ ವರ್ಷಗಟ್ಟಲೆ ಕಾದಿವೆ. ಆರೆಯಲ್ಲಿ ರೈಲು ನಿಲ್ಲಿಸುವ ಜಾಗಕ್ಕೆಂದು 2019ರ ಅಕ್ಟೋಬರ್‌ನಲ್ಲಿ 2,000ಕ್ಕೂ ಹೆಚ್ಚು ಮರ ಕಡಿದರು. ಸುರಂಗವೆಂದರೆ ಮೇಲಿನ ಊರಿಗೆ ಏನೂ ಆಗದು ಎಂದು ನಂಬುವವರು ಈ ಎರಡು ಜಾಗಗಳನ್ನೊಮ್ಮೆ ನೋಡಬೇಕು.

ಇಷ್ಟೆಲ್ಲ ಕಳೆದುಕೊಂಡು, 37,000 ಕೋಟಿ ರೂಪಾಯಿಗೂ ಹೆಚ್ಚು ಸುರಿದು ಪಡೆದದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಮುಂಬಯಿಯ ಇನ್ನೊಂದು ಸುರಂಗವನ್ನು ಪಕ್ಕದಲ್ಲಿಟ್ಟು ನೋಡಬೇಕು. 2024ರ ಮಾರ್ಚ್‌ನಲ್ಲಿ ತೆರೆದ ಕರಾವಳಿ ರಸ್ತೆ ಮಲಬಾರ್ ಹಿಲ್ ಅಡಿಯಲ್ಲಿ ಎರಡು ಕಿ.ಮೀ.ಗಿಂತ ತುಸು ಉದ್ದದ ಜೋಡಿ ಸುರಂಗಗಳಲ್ಲಿ ಸಾಗುತ್ತದೆ. ಕೊರೆದ ಯಂತ್ರದ ವ್ಯಾಸ 12 ಮೀಟರಿಗೂ ಹೆಚ್ಚು, ಮೆಟ್ರೊಗೆ ಬಳಸಿದ್ದಕ್ಕಿಂತ ಬಹಳ ದೊಡ್ಡದು. ಕಾರಿನಲ್ಲಿ ಹೋದರೆ ಕೆಲವೇ ನಿಮಿಷದಲ್ಲಿ ಹೊರಬರಬಹುದು, ನಿಜಕ್ಕೂ ಸೊಗಸಾದ ದಾರಿ. ಆದರೆ ಸ್ಕೂಟರಿಗೆ, ರಿಕ್ಷಾಕ್ಕೆ, ಕಾಲ್ನಡಿಗೆಯವರಿಗೆ ಅಲ್ಲಿ ಪ್ರವೇಶವಿಲ್ಲ.

ಸುಮ್ಮನೆ ಲೆಕ್ಕ ಹಾಕೋಣ. ರಸ್ತೆಯ ಒಂದು ಪಥದಲ್ಲಿ, ಎಲ್ಲ ಸರಿಯಾಗಿದ್ದರೆ, ಗಂಟೆಗೆ ಹೆಚ್ಚೆಂದರೆ 2,000 ಕಾರು ಹೋದಾವು. ಒಂದು ಕಾರಿಗೆ ಒಂದೂವರೆ ಜನ ಎಂದರೆ 3,000 ಜನ. ಎಂಟು ಬೋಗಿಗಳ ಮೆಟ್ರೊ ರೈಲಿನಲ್ಲಿ ಸುಮಾರು 2,500 ಮಂದಿ ಹಿಡಿಯುತ್ತಾರೆ. ಐದು ನಿಮಿಷಕ್ಕೊಂದು ರೈಲು ಬಿಟ್ಟರೂ ಗಂಟೆಗೆ 30,000. ಹತ್ತು ಪಟ್ಟು! ಅದೂ ಮೇಲೆ ಬಂದ ಮೇಲೆ ಇವರ್‍ಯಾರಿಗೂ ಪಾರ್ಕಿಂಗ್ ಬೇಕಿಲ್ಲ. ಸುರಂಗದಿಂದ ಹೊರಬಂದ ಕಾರು ಮಾತ್ರ ಮತ್ತೆ ಮುಂದಿನ ಸಿಗ್ನಲ್‌ನಲ್ಲೇ ನಿಲ್ಲಬೇಕು.

ಬೆಂಗಳೂರಿನವರು ಈ ಲೆಕ್ಕ ಗಮನಿಸಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಯೋಜನೆ ಅಲ್ಲಿ ಚರ್ಚೆಯಲ್ಲಿದೆ. ಲಾಲ್‌ಬಾಗಿನ ನೆಲಕ್ಕೆ ಏನಾದೀತೆಂದು ಜನ ಪ್ರಶ್ನಿಸಿದ್ದಾರೆ. ಅದೇ ಊರಿನಲ್ಲಿ ಕಾಳೇನ ಅಗ್ರಹಾರ–ನಾಗವಾರ ಮೆಟ್ರೊ ಮಾರ್ಗಕ್ಕಾಗಿ ಸುಮಾರು 14 ಕಿ.ಮೀ. ಸುರಂಗ ಕೊರೆದಾಗಿದೆ. ಕೊರೆದ ಯಂತ್ರಗಳಲ್ಲಿ ಎರಡರ ಹೆಸರು ತುಂಗಾ ಮತ್ತು ಭದ್ರಾ. ಬೆಂಗಳೂರಿನ ಗಟ್ಟಿ ಗ್ರಾನೈಟಿನಲ್ಲಿ ಅವಕ್ಕೆ ಹಿಡಿದ ಕಾಲ ನೆನೆದರೆ, ಇನ್ನೊಂದು ಸುರಂಗ ತೋಡುವ ಮುನ್ನ ಅದು ಯಾರಿಗೆ ಎಂದು ಕೇಳುವುದು ತಪ್ಪಲ್ಲ.

ಹಾಗೆಂದು ಮೆಟ್ರೊ ಸುರಂಗಕ್ಕೆ ತೊಡಕುಗಳಿಲ್ಲವೆಂದಲ್ಲ. ಮುಂಬಯಿಯಲ್ಲಿ ನೀರೇ ದೊಡ್ಡ ಭಯ. 2025ರ ಮೇ 26ರ ಮಳೆಗೆ, ಆಗಷ್ಟೇ ತೆರೆದಿದ್ದ ಆಚಾರ್ಯ ಅತ್ರೆ ಚೌಕ ನಿಲ್ದಾಣಕ್ಕೆ ನೀರು ನುಗ್ಗಿ ಅಲ್ಲಿ ಸಂಚಾರ ನಿಲ್ಲಿಸಬೇಕಾಯಿತು. ಈ ತುದಿಯಿಂದ ಆ ತುದಿಗೆ ಟಿಕೆಟ್ 70 ರೂಪಾಯಿ. ಲೋಕಲ್‌ನ ಎರಡನೇ ದರ್ಜೆಯಲ್ಲಿ ನಿತ್ಯ ಓಡಾಡುವವರಿಗೆ ಇದು ಸಣ್ಣ ಮೊತ್ತವಲ್ಲ. ದಾದರ್‌ನಲ್ಲಿ ಪಕ್ಕ ಕುಳಿತ ಹಿರಿಯರೊಬ್ಬರು ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, "ಊರು ಯಾವುದು ಮಾರಾಯ್ರೆ?" ಎಂದರು. ಫೋರ್ಟಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ದುಡಿದವರು. "ಮಂಡಿ ನೋವು. ಲೋಕಲ್‌ನಲ್ಲಿ ಹತ್ತಿಳಿಯಲಿಕ್ಕೆ ಆಗುವುದಿಲ್ಲ. ಇದರಲ್ಲಿ ಲಿಫ್ಟ್ ಉಂಟಲ್ಲ, ಅದಕ್ಕೇ ಬರುವುದು. ಆದರೆ ದಿನಾ ಬರಲಿಕ್ಕೆ ಪೂರೈಸುವುದಿಲ್ಲ" ಎಂದರು.

1863ರಲ್ಲಿ ಲಂಡನ್ನಿನ ಜನ ನೆಲದಡಿ ಓಡಾಡತೊಡಗಿದಾಗ ಉಗಿಬಂಡಿಯ ಹೊಗೆ ನುಂಗಿಕೊಂಡೇ ಹೋದರು. ನಮ್ಮಲ್ಲಿ ಕಲ್ಕತ್ತೆ 1984ರಲ್ಲಿ ಆ ದಾರಿ ಹಿಡಿಯಿತು. ಈಗ ಎಲ್ಲ ಮಹಾನಗರಗಳೂ ನೆಲದಡಿಗೆ ನೋಡುತ್ತಿವೆ. ಯಂತ್ರ ಇದೆ, ತಂತ್ರ ಇದೆ, ಸಾಲ ಕೊಡುವವರೂ ಇದ್ದಾರೆ. ಆ ಹಿರಿಯರು ಮಂಡಿ ನೋವಿನಲ್ಲೂ ದಿನಾ ಹೋಗಿ ಬರುವಂತಿದ್ದರೆ ಆ ಸುರಂಗಕ್ಕೆ ಸುರಿದ ಹಣ ಸಾರ್ಥಕ. ನಿಮ್ಮ ಊರಿನಲ್ಲಿ ಮುಂದಿನ ಸುರಂಗದ ಸುದ್ದಿ ಬಂದಾಗ ಉದ್ದ ಎಷ್ಟು, ಖರ್ಚೆಷ್ಟು ಎಂಬುದರ ಜೊತೆಗೆ ಗಂಟೆಗೆ ಎಷ್ಟು ಜನ, ಟಿಕೆಟ್ ಎಷ್ಟು ಎಂದೂ ಕೇಳಿ.