ಭಾವನ ವಿಮಾನ

ನನ್ನ ಭಾವನಿಗೆ ಸ್ವಂತದ್ದೊಂದು ವಿಮಾನವಿದೆ. ಈ ಮಾತನ್ನು ನಾನು ಯಾರ ಮುಂದೆ ಆಡಿದರೂ ಅವರು ಮೊದಲು ನನ್ನ ಅಂಗಿಯನ್ನೂ ಆಮೇಲೆ ನನ್ನ ಚಪ್ಪಲಿಯನ್ನೂ ನೋಡುತ್ತಾರೆ. ಅಂಥ ಭಾವನಿರುವವನು ಇಂಥ ಚಪ್ಪಲಿ ಮೆಟ್ಟಿಕೊಂಡು ಏಕೆ ತಿರುಗುತ್ತಾನೆ ಎಂಬ ಪ್ರಶ್ನೆ ಅವರ ಕಣ್ಣಿನಲ್ಲಿರುತ್ತದೆ. ನಮ್ಮೂರಿನಲ್ಲಂತೂ ಸುದ್ದಿ ಬಾಯಿಂದ ಬಾಯಿಗೆ ಬೆಳೆದು, ಆ ವಿಮಾನದಲ್ಲಿ ಅಡಿಗೆಯವರಿದ್ದಾರೆ, ಮಲಗುವುದಕ್ಕೆ ಕೋಣೆಯಿದೆ ಎಂಬವರೆಗೂ ಹೋಗಿದೆ. ಆದ್ದರಿಂದ ಮೊದಲೇ ಹೇಳಿಬಿಡುವುದು ಲೇಸು. ಆ ವಿಮಾನ ನನಗಿಂತ ಹನ್ನೊಂದು ವರ್ಷ ದೊಡ್ಡದು. 1967ರಲ್ಲಿ ತಯಾರಾದ ಸೆಸ್ನಾ 172. ಒಂದೇ ಎಂಜಿನ್ನು, ಮೂತಿಗೊಂದು ಪಂಖ. ನಾಲ್ಕು ಜನ ಕೂರಬಹುದೆಂದು ಕಾಗದದಲ್ಲಿದೆ. ಪೆಟ್ರೋಲು ತುಂಬಿಸಿದ ಮೇಲೆ ನಾಲ್ವರೂ ಕೂರಬೇಕಾದರೆ ಅವರು ಏಕಾದಶಿಯ ಮಾರನೆಯ ಬೆಳಿಗ್ಗೆ ಬಂದವರಾಗಿರಬೇಕು. 2009ರಲ್ಲಿ ಭಾವ ಅದನ್ನು ಒಂದು ಒಳ್ಳೆಯ ಕಾರಿನ ಬೆಲೆಗೆ ಕೊಂಡರು. ಅವರು ಒಂಬತ್ತನೆಯ ಮಾಲೀಕರು.

ಅವರಿರುವುದು ಅಮೆರಿಕದ ಕ್ಯಾನ್ಸಸ್ ಪ್ರಾಂತದ ವಿಚಿಟಾ ಪಟ್ಟಣದಲ್ಲಿ. ಕ್ಲೈಡ್ ಸೆಸ್ನಾ ಎಂಬಾತ 1927ರಲ್ಲಿ ತನ್ನ ಹೆಸರಿನ ಕಂಪನಿಯನ್ನು ತೆಗೆದದ್ದು ಅಲ್ಲಿಯೇ. ಈ ವಿಮಾನ ಹುಟ್ಟಿದ್ದೂ ಅಲ್ಲಿಯೇ. "ಎಂಟು ಮನೆ ತಿರುಗಿ ತವರಿಗೆ ಬಂದ ಹೆಣ್ಣು ಕಣಯ್ಯ" ಎಂದು ಭಾವ ಅದರ ಬೆನ್ನು ಸವರುತ್ತ ಹೇಳುತ್ತಾರೆ. ಅಕ್ಕನ ವಿಷಯದಲ್ಲಿ ಅವರು ಇಷ್ಟು ಕಾವ್ಯಮಯವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಚಟ ಹತ್ತಿದ್ದು ಎಲ್ಲಿಂದ ಎಂದರೆ, ಬೆಂಗಳೂರಿನ ಜಕ್ಕೂರಿನಿಂದ. 1958ರಲ್ಲಿ ಹಿಂದೂಸ್ತಾನ್ ಕಾರ್ಖಾನೆಯವರು ಮೊದಲು ಹಾರಿಸಿದ 'ಪುಷ್ಪಕ' ಎಂಬ ಎರಡು ಸೀಟಿನ, ಬಟ್ಟೆ ಹೊದ್ದ ಪುಟ್ಟ ವಿಮಾನಗಳು ಅಲ್ಲಿ ಹಾರುತ್ತಿದ್ದವು. ಹುಡುಗನಾಗಿದ್ದಾಗ ಭಾವ ಬೇಲಿಯಾಚೆ ಸೈಕಲ್ಲು ನಿಲ್ಲಿಸಿ ಅವನ್ನು ನೋಡುತ್ತ ಶಾಲೆ ತಪ್ಪಿಸುತ್ತಿದ್ದರಂತೆ. ಪುಷ್ಪಕದ ಎಂಜಿನ್ನು ಕಾಂಟಿನೆಂಟಲ್ ಕಂಪನಿಯದು. ಈ ಸೆಸ್ನಾದ್ದೂ ಅದೇ ಕಂಪನಿಯದು. ಅದು ತೊಂಬತ್ತು ಕುದುರೆಯದು, ಇದು ನೂರ ನಲವತ್ತೈದರದು. ದನಿ ಮಾತ್ರ ಒಂದೇ ಮನೆತನದ್ದೆಂದು ಭಾವನ ವಾದ.

2024ರ ಬೇಸಗೆ ರಜೆಯಲ್ಲಿ ಅಕ್ಕ ನನ್ನನ್ನು ಕರೆಸಿಕೊಂಡಳು. ಕರೆಸಿಕೊಂಡ ಕಾರಣ ತಿಳಿದದ್ದು ಮೂರನೆಯ ದಿನ, ಭಾವ ಸ್ನಾನಕ್ಕೆ ಹೋಗಿದ್ದಾಗ. "ಅವರಿಗೆ ಅರವತ್ತೆಂಟಾಯಿತು. ಆ ವಿಮಾನಾನ ಮಾರಿಬಿಡಿ ಅಂತ ನೀನಾದರೂ ಹೇಳು. ನನ್ನ ಮಾತು ಕಿವಿಗೆ ಹಾಕ್ಕೊಳೋದಿಲ್ಲ. ನೀನು ಕಾಲೇಜಿನಲ್ಲಿ ಪಾಠ ಹೇಳೋನು, ಒಪ್ಪಿಸೋದು ನಿನಗೆ ಗೊತ್ತಿರುತ್ತೆ" ಎಂದಳು. ನನ್ನ ಪಾಠವನ್ನು ಎಷ್ಟು ಜನ ಕಿವಿಗೆ ಹಾಕಿಕೊಳ್ಳುತ್ತಾರೆಂಬುದನ್ನು ಅಕ್ಕನಿಗೆ ತಿಳಿಸುವ ಧೈರ್ಯ ನನಗಾಗಲಿಲ್ಲ. ಅವಳ ಇನ್ನೊಂದು ದೂರು ನ್ಯಾಯವಾದದ್ದು. ಆ ದೇಶದಲ್ಲಿ 2017ರಿಂದ ಇಂಥ ಸಣ್ಣ ವಿಮಾನ ನಡೆಸುವವರನ್ನು ಮನೆಯ ವೈದ್ಯರೇ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸಿದರೂ ಸಾಕೆಂದು ಮಾಡಿದ್ದಾರೆ. ವಿಮಾನವನ್ನು ಮಾತ್ರ ಪ್ರತಿ ವರ್ಷ ಪರೀಕ್ಷಿಸಲೇಬೇಕು. "ಅದಕ್ಕೆ ವರ್ಷಕ್ಕೊಂದು ಸಲ, ಇವರಿಗೆ ನಾಲ್ಕು ವರ್ಷಕ್ಕೊಂದು ಸಲ! ಹಳೇದು ಯಾವುದು, ನೀನೇ ಹೇಳು!"

ಹೀಗೆ ರಾಯಭಾರಿಯಾಗಿ ನಾನು ಶನಿವಾರ ಭಾವನ ಜೊತೆ ಹ್ಯಾಂಗರಿಗೆ ಹೋದೆ. ಗೋದಿಯ ಹೊಲಗಳ ನಡುವೆ ಒಂದು ಸಣ್ಣ ಓಡುದಾರಿ, ಅದರ ಪಕ್ಕಕ್ಕೆ ತಗಡಿನ ಕೊಟ್ಟಿಗೆಗಳ ಸಾಲು. ವಿಮಾನವನ್ನು ಬಯಲಲ್ಲಿ ಕಟ್ಟಿಹಾಕಬಹುದಂತೆ, ಬಾಡಿಗೆ ಕಡಿಮೆ; ಆದರೆ ಅಲ್ಲಿಯ ಮೇ ತಿಂಗಳಿನಲ್ಲಿ ಆಲಿಕಲ್ಲು ನಿಂಬೆಹಣ್ಣಿನ ಗಾತ್ರ ಬೀಳುವುದುಂಟು, ಅಲ್ಯೂಮಿನಿಯಂ ರೆಕ್ಕೆ ಒಂದೇ ಸಂಜೆಗೆ ದೋಸೆಯ ಕಾವಲಿಯಿಂದ ಪಡ್ಡಿನ ಕಾವಲಿಯಾಗಿಬಿಡುತ್ತದೆ. ಆ ತಿಂಗಳು ವಾರ್ಷಿಕ ತಪಾಸಣೆಯ ತಿಂಗಳು. ಅಧಿಕಾರ ಪಡೆದ ಮೆಕ್ಯಾನಿಕ್ಕು ನೋಡಿ ಪುಸ್ತಕದಲ್ಲಿ ಸಹಿ ಹಾಕದೆ ವಿಮಾನ ನೆಲ ಬಿಡುವಂತಿಲ್ಲ. ಆದರೆ ಬಿಚ್ಚುವ, ಒರೆಸುವ, ಎಣ್ಣೆ ಬದಲಾಯಿಸುವ ಕೂಲಿಯನ್ನು ಮಾಲೀಕನೇ ಮಾಡಿದರೆ ಹಣ ಉಳಿಯುತ್ತದೆ. ಮಾಲೀಕನ ಬಾಮೈದ ಮಾಡಿದರೆ ಇನ್ನೂ ಒಳ್ಳೆಯದು. ನನ್ನ ಕೈಗೆ ಒಂದು ಸ್ಕ್ರೂಡ್ರೈವರು ಬಂತು.

ಆ ದಿನ ಎಷ್ಟು ಸ್ಕ್ರೂ ಬಿಚ್ಚಿದೆನೋ ಲೆಕ್ಕವಿಲ್ಲ. ರೆಕ್ಕೆಯ ಅಡಿಯಲ್ಲಿ ಕಿಟಕಿಗಳಂಥ ಮುಚ್ಚಳಗಳು, ನೆಲಹಾಸು, ಕುರ್ಚಿಗಳು. ಕುರ್ಚಿಯ ಕತೆ ಕೇಳಿ ನನಗೆ ಬೆವರು ಬಂತು. ಅದು ಎರಡು ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಕಂಬಿಯ ತೂತಿಗೆ ಒಂದು ಗೂಟ ಇಳಿದು ಅದನ್ನು ಹಿಡಿದಿರುತ್ತದೆ. ತೂತು ಸವೆದರೆ, ಮೇಲೇಳುವ ಹೊತ್ತಿನಲ್ಲಿ ಚಾಲಕನ ಸಮೇತ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅವನು ಹಿಡಿದ ಚುಕ್ಕಾಣಿಯೂ ಅವನ ಜೊತೆಗೇ ಬಂದು ವಿಮಾನದ ಮೂತಿ ಆಕಾಶಕ್ಕೇಳುತ್ತದೆ. ಹೀಗೆ ಜನ ಸತ್ತಿದ್ದಾರೆ. 1987ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿತು, 2011ರಲ್ಲಿ ಅದನ್ನು ತಿದ್ದಿತು. ಇಂದಿಗೂ ಆ ತೂತುಗಳನ್ನು ಅಳೆಯಬೇಕು, ಗೂಟವನ್ನು ನೋಡಬೇಕು. ಎಂಜಿನ್ನು ನಿಂತುಹೋದರೆ ಏನು ಗತಿಯೆಂದು ಎಲ್ಲರೂ ಹೆದರುತ್ತಾರೆ. ಕುರ್ಚಿಗೆ ಹೆದರಬೇಕೆಂದು ಯಾರಿಗೆ ಹೊಳೆದೀತು?

ನನಗೆ ಹಿಡಿಸಿದ ಕೆಲಸ ಸ್ಪಾರ್ಕ್ ಪ್ಲಗ್ಗು ಶುಚಿ ಮಾಡುವುದು. ಆರು ಸಿಲಿಂಡರು, ಒಂದೊಂದಕ್ಕೆ ಎರಡೆರಡು, ಒಟ್ಟು ಹನ್ನೆರಡು. ಒಂದು ಸಾಲು ಕೈಕೊಟ್ಟರೆ ಇನ್ನೊಂದು ಸಾಲು ಮನೆ ಮುಟ್ಟಿಸಬೇಕೆಂದು ಈ ಏರ್ಪಾಡು. ಈ ವಿಮಾನಗಳು ಕುಡಿಯುವ ನೀಲಿ ಬಣ್ಣದ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತದೆ. ಹೆಸರಿಗೆ 'ಕಡಿಮೆ ಸೀಸ'ದ್ದಾದರೂ, ಈ ಹಳೆಯ ಎಂಜಿನ್ನಿಗೆಂದು ಆ ಕಾಲದಲ್ಲಿ ಸಿಗುತ್ತಿದ್ದ ಪೆಟ್ರೋಲಿಗಿಂತ ಅದರಲ್ಲಿ ಸೀಸ ಹೆಚ್ಚು. ಅದು ಪ್ಲಗ್ಗಿನ ತಳದಲ್ಲಿ ರಾಗಿ ಕಾಳಿನಂತೆ ಗಂಟುಕಟ್ಟುತ್ತದೆ. ದಬ್ಬಳದಂಥ ಕಡ್ಡಿಯಿಂದ ಅದನ್ನು ಕೆದಕಿ ತೆಗೆಯುವಾಗ, ಅವರೇಕಾಳು ಹಿಸುಕುತ್ತ ಕೂತ ಅಜ್ಜಿಯಂದಿರ ನೆಮ್ಮದಿ ಎಂಥದಿತ್ತೆಂಬುದು ಅರ್ಥವಾಯಿತು. ಗಾಳಿಯ ವೇಗ ಅಳೆಯುವ ಕೊಳವೆಯಲ್ಲಿ ಒಂದು ಕುಂಬಾರ ಹುಳು ಮನೆ ಕಟ್ಟಲು ಆರಂಭಿಸಿತ್ತು. ಅದರ ಮಣ್ಣನ್ನೂ ತೆಗೆದೆ. ಇಷ್ಟರಲ್ಲಿ ನಾನು ರಾಯಭಾರವನ್ನು ಮರೆತಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಮಧ್ಯಾಹ್ನ ಭಾವ ನಿದ್ದೆ ಹೋದಾಗ ನಾನು ಲಾಗ್ ಪುಸ್ತಕಗಳನ್ನು ತೆರೆದೆ. ಒಡಲಿಗೊಂದು, ಎಂಜಿನ್ನಿಗೊಂದು, ಪಂಖಕ್ಕೊಂದು. ಹಸ್ತಪ್ರತಿಗಳನ್ನು ನೋಡಿ ಅಭ್ಯಾಸವಾದ ಕಣ್ಣು ನನ್ನದು. ಒಬ್ಬ ಲಿಪಿಕಾರ ಸಾವಧಾನಿ, ಇನ್ನೊಬ್ಬ ಸೋಮಾರಿ. ಇಲ್ಲಿ ಒಂದು ಎಲೆ ಹಾರಿದೆ, ಅಲ್ಲಿ ಯಾರೋ ನಂತರ ಸೇರಿಸಿದ್ದಾರೆ. ಎಲ್ಲ ಆ ಪುಸ್ತಕಗಳಲ್ಲೂ ಇದ್ದವು. 1970ರ ದಶಕದಲ್ಲಿ ಎರಡು ವರ್ಷ ಒಂದು ಗೆರೆಯೂ ಇಲ್ಲ. ಎಲ್ಲಿತ್ತು, ಯಾರ ಕೈಯಲ್ಲಿತ್ತು? ಒಬ್ಬ ಮೆಕ್ಯಾನಿಕ್ಕಿನದು ಮುತ್ತಿನಂಥ ಅಕ್ಷರ. ಹದಿನಾಲ್ಕು ವರ್ಷ ಬರೆದು ಥಟ್ಟನೆ ನಿಂತುಬಿಡುತ್ತದೆ. ಈ ಬರಹದ ಬೆಲೆ ಎಷ್ಟೆಂದರೆ, ಪುಸ್ತಕ ಕಳೆದ ವಿಮಾನವನ್ನು ಕೊಳ್ಳುವವರು ಹಿಂದೆಗೆಯುತ್ತಾರೆ. ತಯಾರಕರ ಜವಾಬ್ದಾರಿಯೂ ಇಲ್ಲಿ ಮುಗಿದ ಕತೆ. ನಷ್ಟಪರಿಹಾರದ ದಾವೆಗಳ ಭಾರಕ್ಕೆ ಬೆಚ್ಚಿ ಸೆಸ್ನಾದವರು 1986ರಲ್ಲಿ ಈ ಮಾದರಿಯನ್ನು ನಿಲ್ಲಿಸಿದ್ದರು; ಹದಿನೆಂಟು ವರ್ಷ ಮೀರಿದ ಸಣ್ಣ ವಿಮಾನಕ್ಕೆ ತಯಾರಕರು ಸಾಮಾನ್ಯವಾಗಿ ಹೊಣೆಯಲ್ಲವೆಂದು 1994ರಲ್ಲಿ ಶಾಸನವಾದ ಮೇಲೆ 1996ರಲ್ಲಿ ಮತ್ತೆ ತೊಡಗಿದರು. 1956ರಿಂದ ಇದುವರೆಗೆ ನಲವತ್ತನಾಲ್ಕು ಸಾವಿರಕ್ಕೂ ಮೇಲೆ ತಯಾರಾಗಿವೆ. ಹಳೆಯವುಗಳಿಗೆ ಮಾಲೀಕನೇ ತಾಯಿ ತಂದೆ.

ಎಂಜಿನ್ನಿನ ಪುಸ್ತಕದಲ್ಲಿ ಒಂದು ಅಂಕಪಟ್ಟಿ ಕಣ್ಣಿಗೆ ಬಿತ್ತು. ಅಂಕಪಟ್ಟಿ ನೋಡುವುದು ನನಗೆ ಹೊಟ್ಟೆಪಾಡು. ಪ್ರತಿ ವರ್ಷ ಆರು ಸಿಲಿಂಡರುಗಳಿಗೂ ಎಂಬತ್ತಕ್ಕೆ ಇಷ್ಟೆಂದು ಬರೆದಿದ್ದರು. ಐದು ಹುಡುಗರು ಎಪ್ಪತ್ತರ ಆಚೀಚೆ ಇದ್ದಾರೆ. ಮೂರನೆಯವನು ಮಾತ್ರ 78, 74, 70, ಹೋದ ವರ್ಷ 64. ಪಕ್ಕದಲ್ಲಿ 'ಗಮನಿಸತಕ್ಕದ್ದು' ಎಂಬ ಷರಾ.

ಮರುದಿನ ಮೆಕ್ಯಾನಿಕ್ಕು ಬಂದರು. ಭಾವನಿಗಿಂತಲೂ ಹಿರಿಯರು, ಮಿತಭಾಷಿ. ಎಂಜಿನ್ನನ್ನು ಬಿಸಿ ಮಾಡಿ, ಸಿಲಿಂಡರಿಗೆ ಎಂಬತ್ತು ಪೌಂಡಿನ ಒತ್ತಡದ ಗಾಳಿ ತುಂಬಿ, ಎಷ್ಟು ಉಳಿಯುತ್ತದೆಂದು ನೋಡುವುದೇ ಆ ಪರೀಕ್ಷೆ. ಗಾಳಿಯ ಒತ್ತಡಕ್ಕೆ ಪಂಖ ತಿರುಗಿ ತಲೆ ಒಡೆಯದಂತೆ ಭಾವ ಅದನ್ನು ಹಿಡಿದು ನಿಂತರು. ಸೋರುವ ಗಾಳಿಯ ದನಿ ಎಲ್ಲಿ ಕೇಳಿಸುತ್ತದೆಂಬುದರ ಮೇಲೆ ರೋಗ ತಿಳಿಯುತ್ತದೆ: ಎಣ್ಣೆ ಹೊಯ್ಯುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ನಿನ ಬಳೆ, ಗಾಳಿ ಎಳೆಯುವ ಕಡೆ ಕೇಳಿಸಿದರೆ ಒಳಗವಾಟ, ಹೊಗೆ ಕೊಳವೆಯಲ್ಲಿ ಕೇಳಿಸಿದರೆ ಹೊರಗವಾಟ. ಮೆಕ್ಯಾನಿಕ್ಕಿನ ಕಿವಿ ಮಂದ. ಕೊಳವೆಗೆ ಕಿವಿಗೊಡುವ ಕೆಲಸ ನನಗೆ ಬಂತು. ಎರಡು ಸಿಲಿಂಡರುಗಳಲ್ಲಿ ಏನೂ ಹೇಳಿಕೊಳ್ಳುವಂಥದಿರಲಿಲ್ಲ. ಮೂರನೆಯದಕ್ಕೆ ಗಾಳಿ ಬಿಟ್ಟ ಕೂಡಲೆ ಹೊಗೆ ಕೊಳವೆಯೊಳಗಿಂದ ಶ ಷ ಸ ಎಂಬ ಊಷ್ಮಾಕ್ಷರಗಳು ಮೂರೂ ಒಟ್ಟಿಗೆ ಹೊರಟವು. ಇಪ್ಪತ್ತು ವರ್ಷ ವ್ಯಾಕರಣ ಹೇಳಿದ್ದರೂ ಅವು ಅಷ್ಟು ಸ್ಪಷ್ಟವಾಗಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮುಳ್ಳು 41ರಲ್ಲಿ ನಿಂತಿತ್ತು.

"ಇನ್ನೊಂದು ಸಲ ಓಡಿಸಿ ನೋಡೋಣ" ಎಂದರು ಭಾವ. ಹಾಗೆ ಮಾಡುವುದೂ ಉಂಟಂತೆ. ಓಡಿಸಿದರು. 40. ಆಮೇಲೆ ಕಡ್ಡಿಯ ತುದಿಗೆ ಕ್ಯಾಮೆರಾ ಕಟ್ಟಿದಂಥ ಉಪಕರಣವನ್ನು ಪ್ಲಗ್ಗಿನ ತೂತಿನಲ್ಲಿ ಇಳಿಸಿ ಕವಾಟವನ್ನು ನೋಡಿದರು. ಒಂದು ಅಂಚು ಸೀದ ಹಪ್ಪಳದ ಹಾಗಿತ್ತು. ಸುತ್ತ ಒಂದೇ ಬಣ್ಣವಿದ್ದರೆ ಆರೋಗ್ಯ. ಒಂದೇ ಕಡೆ ಬಣ್ಣ ತಿರುಗಿದರೆ ಅಲ್ಲಿ ಬೆಂಕಿ ನುಸುಳುತ್ತಿದೆಯೆಂದು ಅರ್ಥ. ಮುಂದೊಂದು ದಿನ ಆ ಅಂಚು ಮುರಿದು ಬೀಳುತ್ತದೆ. ಎಲ್ಲಿ, ಎಷ್ಟು ಎತ್ತರದಲ್ಲಿ ಎಂಬುದು ಅದೃಷ್ಟ. ಮೆಕ್ಯಾನಿಕ್ಕು ಏನೂ ಹೇಳದೆ ಕೈ ಒರೆಸಿಕೊಂಡು ಪುಸ್ತಕ ತೆಗೆದರು. ಭಾವ ಪಂಖ ಹಿಡಿದೇ ನಿಂತಿದ್ದರು, ಹಿಡಿಯುವ ಅಗತ್ಯ ಆಗ ಇರಲಿಲ್ಲ.

ಎರಡು ವಾರಕ್ಕೆ ಡೆನ್ವರಿನಲ್ಲಿ ಮೊಮ್ಮಗಳ ಹುಟ್ಟುಹಬ್ಬ. ವಿಮಾನದಲ್ಲೇ ಹೋಗುವುದೆಂದಿತ್ತು. ಸಿಲಿಂಡರು ರಿಪೇರಿಯಾಗಿ ಬರಲು ಆರು ವಾರವೆಂದರು. ಮನೆಗೆ ಹಿಂದಿರುಗುವಾಗ ಭಾವ, "ನಿಮ್ಮಕ್ಕನಿಗೆ ಹೇಳಬೇಡ. ಬಿಡಿಭಾಗ ಬರಬೇಕು ಅಂತ ನಾನೇ ಹೇಳ್ತೀನಿ" ಎಂದರು. ಅದು ಸುಳ್ಳಲ್ಲ. ನಾನು ಹೂಂ ಎಂದೆ. ಯಾರ ಉಪ್ಪನ್ನು ಉಂಡು ಯಾರ ಪರ ನಿಂತೆನೋ ತಿಳಿಯದೆ ಆ ರಾತ್ರಿ ಊಟ ಸೇರಲಿಲ್ಲ. ಅಕ್ಕ ಸಾರು ಬಡಿಸುತ್ತ ಒಂದೇ ಒಂದು ಸಲ ನನ್ನ ಮುಖ ನೋಡಿದಳು. ನಾನು ಮೊದಲಿನಿಂದಲೂ ಅವಳ ಮುಂದೆ ಸುಳ್ಳು ಹೇಳಲಾರದವನು. ಸುಮ್ಮನಿರುವುದೂ ನನಗೆ ಬರುವುದಿಲ್ಲವೆಂದು ಅಂದು ತಿಳಿಯಿತು.

ಮುಂದಿನ ಶನಿವಾರ ಅವಳು ಬುತ್ತಿ ಕಟ್ಟಿಕೊಂಡು ತಾನೇ ಹ್ಯಾಂಗರಿಗೆ ಬಂದಳು. ಮೊಸರನ್ನದ ಡಬ್ಬಿಯನ್ನು ರೆಕ್ಕೆಯ ನೆರಳಿನಲ್ಲಿಟ್ಟು, ಬಿಚ್ಚಿದ ಎಂಜಿನ್ನಿನ ಮುಂದೆ ನಿಂತು, "ಯಾವುದು ಕೆಟ್ಟಿರೋದು?" ಎಂದಳು. ಭಾವ ನನ್ನತ್ತ ನೋಡಿದರು. ನಾನು ಹ್ಯಾಂಗರಿನ ಸೂರನ್ನು ನೋಡಿದೆ. ಆಮೇಲೆ ಅವರು ಪುಸ್ತಕ ತಂದು ಆ ಪುಟ ತೆರೆದು ಅವಳ ಕೈಗೆ ಕೊಟ್ಟರು. ಅಕ್ಕ ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. ತಾರೀಖುಗಳನ್ನು ಬೆರಳಿನಲ್ಲಿ ಎಣಿಸಿದಳು.

"ದೀಪಾವಳಿಗೆ ನನ್ನನ್ನ ಡೆನ್ವರಿಗೆ ಕರಕೊಂಡು ಹೋದಾಗ ಇದು ಅರವತ್ತನಾಲ್ಕಿತ್ತು."

"ಮೇ ತಿಂಗಳಲ್ಲಿ ಇತ್ತು. ಹಾರಬಹುದು ಅಂತ ಸಹಿ ಹಾಕಿದ್ದರು."

"ದೀಪಾವಳೀಲಿ ಎಷ್ಟಿತ್ತು?"

ಭಾವ ಬಹಳ ಹೊತ್ತು ಮಾತಾಡಲಿಲ್ಲ. "ಗೊತ್ತಿಲ್ಲ. ನೋಡಬಹುದಾಗಿತ್ತು. ನೋಡಲಿಲ್ಲ" ಎಂದರು.

ನಾನು ಜಗಳವಾಗುತ್ತದೆಂದುಕೊಂಡೆ. ಅಕ್ಕ ಪುಸ್ತಕ ಮುಚ್ಚಿ ಡಬ್ಬಿ ಬಿಚ್ಚಿದಳು. ಮೂವರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಉಂಡೆವು. ಮಾಗಾಯಿ ಉಪ್ಪಿನಕಾಯಿ ಇತ್ತು. ಕೈ ತೊಳೆಯುವಾಗ ಅವಳು, "ಮಾರೋದಾದರೆ ಸರಿ ಮಾಡಿಸಿ ಮಾರಿ. ಈ ಸ್ಥಿತೀಲಿ ಇನ್ನೊಬ್ಬರ ಮನೆಗೆ ಕಳಿಸೋದು ಬೇಡ" ಎಂದಳು. ಮಾರುವ ಮಾತನ್ನು ಭಾವ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಡೆನ್ವರಿಗೆ ಕಾರಿನಲ್ಲಿ ಹೋದೆವು, ಎಂಟು ಗಂಟೆ. ಹಿಂದಿನ ಸೀಟಿನಲ್ಲಿ ನಾನು ಕಾಲು ಮಡಚಿಕೊಂಡು ಕೂತಿದ್ದೆ. ಭಾವ ದಾರಿಯುದ್ದಕ್ಕೂ ಕಿಟಕಿಯಿಂದ ಆಕಾಶ ನೋಡುತ್ತ ಗಾಳಿ ಯಾವ ಕಡೆಯದೆಂದು ಹೇಳುತ್ತಿದ್ದರು. ಜೂನ್ ಮೊದಲಲ್ಲಿ ನಾನು ಕಾಲೇಜು ತೆರೆಯುವ ಹೊತ್ತಿಗೆ ಊರಿಗೆ ಬಂದೆ. ಕಡೆಗೂ ಆ ವಿಮಾನದಲ್ಲಿ ನಾನು ಹಾರಲಿಲ್ಲ.

ಜುಲೈ ತಿಂಗಳಲ್ಲಿ ಒಂದು ರಾತ್ರಿ ಭಾವನ ಫೋನು ಬಂತು. "ಮೇಷ್ಟ್ರೇ, ಸಿಲಿಂಡರು ಕೂಡಿಸಿದ್ದಾಯಿತು. ಮೂರನೆಯವನು ಎಪ್ಪತ್ತೇಳು ತಗೊಂಡಿದಾನೆ!" ಎಂದು ಕೂಗಿದರು. ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಐದನೆಯದು ಅರವತ್ತೊಂಬತ್ತಕ್ಕೆ ಇಳಿದಿದೆ, ಅದನ್ನೂ ಹೇಳಿ ಅವನಿಗೆ."